ಏಳು ನಿಮಿಷ

ನನ್ನ ಕಥೆಗೆ ಮೊದಲ ಬಹುಮಾನ ಕೊಟ್ಟದ್ದು ಕಲ್ಪನಾಶಕ್ತಿಗಾಗಿ. ಪ್ರಶಸ್ತಿಪತ್ರದಲ್ಲಿ ಹಾಗೆಂದೇ ಅಚ್ಚಾಗಿದೆ. ಆ ಕಥೆಯಲ್ಲಿ ಕಲ್ಪನೆ ಒಂದು ಚಮಚದಷ್ಟೂ ಇರಲಿಲ್ಲ. ಕಂಡದ್ದನ್ನು ಕಂಡ ಹಾಗೆ ಬಾಲ್‌ಪೆನ್ನಿನಲ್ಲಿ ಬರೆದಿದ್ದೆ. ತೀರ್ಪುಗಾರರಿಗೆ ಅದು ಇನ್ನೂ ಎಷ್ಟೋ ವರ್ಷದ ಆಚೆ ಬರಲಿರುವ ಭಯಂಕರ ಲೋಕದ ಹಾಗೆ ಕಂಡಿತು. ಅವರ ತಪ್ಪಲ್ಲ. ಅವರ ಕಾರು ಹೆದ್ದಾರಿಯಲ್ಲಿ ನಮ್ಮ ಶೆಡ್ಡಿನ ಮುಂದೆ ಹಾದುಹೋಗುವಾಗ ಗಾಜು ಏರಿಸಿಕೊಂಡು ಹೋಗುತ್ತದೆ. ವಾಸನೆ ಬರುತ್ತದಲ್ಲ.

ನನ್ನ ಹೆಸರು ಮಂಗಲಾ ಹರಿಕಂತ್ರ. ಮನೆ ತದಡಿಯಲ್ಲಿ. ಪಿಯುಸಿ ಪಾಸಾಗಿದ್ದೇನೆ. ಗಂಡ ಗಣಪ ಬೋಟಿಗೆ ಹೋಗುತ್ತಾನೆ, ಹೋದರೆ ಎಂಟು ಹತ್ತು ದಿನ ಬರುವುದಿಲ್ಲ. ನಾನು ಬೆಳಿಗ್ಗೆ ದೋಣಿಯಲ್ಲಿ ಹೊಳೆ ದಾಟಿ, ಆಚೆ ದಡದ ಅಘನಾಶಿನಿ ಊರಿನಿಂದ ಬಸ್ಸು ಹಿಡಿದು ಕುಮಟಾಕ್ಕೆ ಬಂದು, ಇನ್ನೊಂದು ಬಸ್ಸಿನಲ್ಲಿ ಹಳದೀಪುರದ ಕಡೆಗಿರುವ ಆ ಶೆಡ್ಡಿಗೆ ಹೋಗುತ್ತಿದ್ದೆ. ಸಿಗಡಿ ಸುಲಿಯುವ ಕೆಲಸ. ನಮ್ಮ ಬಾಯಲ್ಲಿ ಅದು ಶೆಟ್ಲಿ. ತಲೆ ಮುರಿ, ಸಿಪ್ಪೆ ಎಳೆ, ಬೆನ್ನಿನ ಕಪ್ಪು ನರ ತೆಗೆ, ಐಸು ನೀರಿಗೆ ಹಾಕು. ಮತ್ತೆ ತಲೆ ಮುರಿ. ಎಂಟು ತಾಸು ನಿಂತೇ ಮಾಡಬೇಕು. ಕೂರಲು ಸ್ಟೂಲು ಕೊಟ್ಟರೆ ಕೈ ನಿಧಾನವಾಗುತ್ತದೆ ಎಂದು ಯಾರೋ ಸಂಶೋಧನೆ ಮಾಡಿದ್ದಾರಂತೆ. ವಿಜ್ಞಾನ ಅಂದರೆ ನನಗೆ ಮೊದಲು ಗೊತ್ತಾದದ್ದು ಹಾಗೆ.

ಸಂಜೆ ಕುಮಟಾದಲ್ಲಿ ಬಸ್ಸು ಬದಲಿಸುವಾಗ ಮುಕ್ಕಾಲು ತಾಸು ಕಾಯಬೇಕು. ಬಸ್‌ಸ್ಟ್ಯಾಂಡಿನಲ್ಲಿ ಕೂತರೆ ಪಕ್ಕದವರು ಮೂಗು ಮುಚ್ಚಿಕೊಂಡು ಎದ್ದು ಹೋಗುತ್ತಾರೆ. ಎಷ್ಟು ಸೋಪು ಹಾಕಿದರೂ ಶೆಟ್ಲಿ ವಾಸನೆ ಉಗುರಿನಿಂದ ಬಿಡುವುದಿಲ್ಲ. ಹಾಗಾಗಿ ನಾನು ಲೈಬ್ರರಿಗೆ ಹೋಗತೊಡಗಿದೆ. ಅಲ್ಲಿ ಪುಸ್ತಕ ಕೊಡುವ ಶ್ರೀಧರ ಹನ್ನೆರಡು ವರ್ಷದಿಂದ ಹಂಗಾಮಿ ನೌಕರ. ಬಾಗಿಲು ತೆಗೆಯುವುದು, ಕಸ ಗುಡಿಸುವುದು, ಪುಸ್ತಕಕ್ಕೆ ಅಂಟು ಹಚ್ಚುವುದು ಎಲ್ಲ ಅವನೇ. ಅವನೊಬ್ಬ ನನ್ನ ಮುಂದೆ ಮೂಗು ಮುಚ್ಚಲಿಲ್ಲ. ಕಪಾಟಿನ ಕೆಳಗಿನ ಸಾಲನ್ನು ತೋರಿಸಿ, ಇದನ್ನು ಯಾರೂ ಒಯ್ಯುವುದಿಲ್ಲ, ನೀವು ಎಷ್ಟು ದಿನ ಇಟ್ಟುಕೊಂಡರೂ ಕೇಳುವವರಿಲ್ಲ ಎಂದ. ಅವೆಲ್ಲ ವೈಜ್ಞಾನಿಕ ಕಾದಂಬರಿಗಳು. ಕೆಟ್ಟುಹೋದ ಭವಿಷ್ಯದ ಕಥೆಗಳು.

ಮೂರು ವರ್ಷದಲ್ಲಿ ಆ ಸಾಲು ಪೂರ್ತಿ ಓದಿದೆ. ಬೇರೆ ಕಾದಂಬರಿಗಳಲ್ಲಿ ಜನ ಕಾಲೇಜಿನ ಮೆಟ್ಟಿಲಲ್ಲಿ, ಹೂವಿನ ತೋಟದಲ್ಲಿ ಭೇಟಿಯಾಗುತ್ತಿದ್ದರು. ಇವುಗಳಲ್ಲಿ ಗೇಟು, ಸೈರನ್ನು, ಕ್ಯಾಮೆರಾ ಇದ್ದವು. ಮನುಷ್ಯರಿಗೆ ಹೆಸರಿನ ಬದಲು ನಂಬರು ಇತ್ತು. ನನಗೆ ಪರಿಚಯದ ಊರಿಗೆ ಬಂದ ಹಾಗಾಯಿತು. ಶೆಡ್ಡಿನಲ್ಲಿ ನನ್ನ ನಂಬರು ನಲವತ್ತಾರು.

ಆದರೆ ಓದುತ್ತಾ ಹೋದ ಹಾಗೆ ನಗು ಬರತೊಡಗಿತು. ಈ ಕಾದಂಬರಿಗಳ ನಾಯಕ ಯಾವಾಗಲೂ ಆಫೀಸರನೇ. ದೊಡ್ಡ ಕಟ್ಟಡದ ಎಷ್ಟನೆಯದೋ ಮಾಳಿಗೆಯಲ್ಲಿ ಕೂತು ಕಡತ ನೋಡುತ್ತಿರುತ್ತಾನೆ. ತನ್ನ ಲೋಕ ಕ್ರೂರವಾದದ್ದು ಎಂದು ಅವನಿಗೆ ಗೊತ್ತಾಗುವುದಕ್ಕೆ ನಲವತ್ತು ಪುಟ ಬೇಕು. ಅದೇ ಕಟ್ಟಡದ ಕಸ ಗುಡಿಸುವವಳಿಗೆ ಮೊದಲ ಪುಟದಲ್ಲೇ ಗೊತ್ತಿರುತ್ತದೆ. ಆದರೆ ಲೇಖಕರು ಅವಳಿಗೆ ಮಾತು ಕೊಟ್ಟಿರುವುದಿಲ್ಲ. ಅವಳು ಬಕೆಟು ಹಿಡಿದು ಒಂದು ಸಲ ಹಾದುಹೋಗುತ್ತಾಳೆ, ಅಷ್ಟೆ. ಇನ್ನೊಂದು ವಿಷಯ. ಆ ಲೋಕಗಳಲ್ಲಿ ಯಾರೂ ಉಚ್ಚೆಗೆ ಹೋಗುವುದಿಲ್ಲ. ಮುನ್ನೂರು ಪುಟ ಓದಿದರೂ ಒಬ್ಬರೂ ಇಲ್ಲ. ಸರ್ವಾಧಿಕಾರಿ ಜನರ ಕನಸಿಗೆ ಕಾವಲು ಹಾಕುತ್ತಾನೆ, ನೆನಪು ಅಳಿಸುತ್ತಾನೆ, ಪ್ರೀತಿಯನ್ನು ನಿಷೇಧಿಸುತ್ತಾನೆ. ಪಾಯಿಖಾನೆಗೆ ಬೀಗ ಹಾಕಿದರೆ ಸಾಕು, ಅಷ್ಟೆಲ್ಲ ಕಷ್ಟಪಡಬೇಕಾಗಿಲ್ಲ ಎಂದು ಅವನಿಗೆ ಯಾರೂ ಹೇಳಿಕೊಟ್ಟಿಲ್ಲ.

ನಮ್ಮ ಶೆಡ್ಡಿನ ಒಡೆಯ ಸಾವಕಾರರಿಗೆ ಅದು ಗೊತ್ತಿತ್ತು.

ಶೆಡ್ಡಿನಲ್ಲಿ ಅರವತ್ತು ಹೆಂಗಸರಿದ್ದೆವು. ಅರವತ್ತು ಜನರಿಗೆ ಎರಡು ಕೆಂಪು ಕಾರ್ಡು. ಸುಪರ್ವೈಸರ್ ಭಾಸ್ಕರನ ಕೈಯಿಂದ ಕಾರ್ಡು ಇಸಿದುಕೊಂಡು ಯಂತ್ರಕ್ಕೆ ತೋರಿಸಿದರೆ ಪಾಯಿಖಾನೆ ಕಡೆಯ ಬಾಗಿಲು ತೆರೆಯುತ್ತದೆ. ತೆರೆದ ಕ್ಷಣದಿಂದ ಏಳು ನಿಮಿಷ. ಗಮ್‌ಬೂಟು ಕಳಚಲು ಒಂದು ನಿಮಿಷ. ಪ್ಲಾಸ್ಟಿಕ್ ಏಪ್ರನ್ನು ಬಿಚ್ಚಲು ಒಂದು. ಅಂಗಳ ದಾಟಲು ಒಂದು. ವಾಪಸು ಬಂದು ಅದನ್ನೆಲ್ಲ ಮತ್ತೆ ಹಾಕಿಕೊಂಡು, ಔಷಧಿ ನೀರಿನಲ್ಲಿ ಕಾಲು ಕೈ ಅದ್ದಲು ಮೂರು. ಉಳಿದ ಒಂದು ನಿಮಿಷ ನಮ್ಮದು. ಮುಟ್ಟಾದವಳಿಗೂ ಅದೇ ಒಂದು. ಎಂಟನೇ ನಿಮಿಷಕ್ಕೆ ಗೋಡೆಯ ಟಿವಿಯಲ್ಲಿ ನಮ್ಮ ನಂಬರು ಕೆಂಪಗೆ ಮೂಡುತ್ತದೆ. ವಾರದಲ್ಲಿ ಎರಡು ಸಲ ಮೂಡಿದರೆ ಮರುದಿನ ಸಿಪ್ಪೆಯ ಗುಡ್ಡೆಯ ಹತ್ತಿರ ಕೆಲಸ. ಅಲ್ಲಿ ಕೊಳೆತ ತಲೆಗಳನ್ನು ಸಲಿಕೆಯಲ್ಲಿ ಎತ್ತಿ ಲಾರಿಗೆ ತುಂಬಬೇಕು. ಮನೆಗೆ ಹೋದ ಮೇಲೂ ಅನ್ನ ಸೇರುವುದಿಲ್ಲ.

ಹಾಗಾಗಿ ನಾವು ನೀರು ಕುಡಿಯುತ್ತಿರಲಿಲ್ಲ. ಬೆಳಿಗ್ಗೆ ಚಾ ಅರ್ಧ ಲೋಟ, ಆಮೇಲೆ ಸಂಜೆಯವರೆಗೆ ಏನೂ ಇಲ್ಲ. ಅಪ್ಪಣೆ ಯಾರೂ ಮಾಡಿರಲಿಲ್ಲ. ನಾವೇ ಕಲಿತೆವು. ಹೊಸಬಳು ಬಂದರೆ ನಾವೇ ಅವಳಿಗೆ ಕಲಿಸುತ್ತಿದ್ದೆವು. ಉರಿಮೂತ್ರ ಇಲ್ಲದವಳು ನಮ್ಮಲ್ಲಿ ಇರಲಿಲ್ಲ.

ಮೂವತ್ತೊಂದನೇ ನಂಬರು ಕಮಲಿ. ನಾನು ಕಮಲಕ್ಕ ಎನ್ನುತ್ತೇನೆ. ಐವತ್ತಾರು ವರ್ಷ. ಕೈ ನಮ್ಮೆಲ್ಲರಿಗಿಂತ ಚುರುಕು. ಸಕ್ಕರೆ ಕಾಯಿಲೆ ಇತ್ತು. ಮಾರ್ಚ್ ತಿಂಗಳ ಒಂದು ದಿನ ಭಟ್ಕಳದಿಂದ ಎರಡು ಲಾರಿ ಶೆಟ್ಲಿ ಒಟ್ಟಿಗೆ ಬಂತು. ಸಂಜೆಯೊಳಗೆ ಸುಲಿದು ಕಂಟೇನರಿಗೆ ತುಂಬಬೇಕಿತ್ತು. ಕಮಲಕ್ಕ ಮೊದಲ ಸಲ ಕೇಳಿದಾಗ ಎರಡೂ ಕಾರ್ಡು ಹೊರಗಿದ್ದವು. ಎರಡನೇ ಸಲ ಕೇಳಿದಾಗ ಭಾಸ್ಕರ ಫೋನಿನಲ್ಲಿದ್ದ, ಬೆರಳೆತ್ತಿ ತಡೆ ಎಂದು ತೋರಿಸಿದ. ಮೂರನೇ ಸಲ ಅವಳು ಕೇಳಲಿಲ್ಲ. ನನ್ನ ಪಕ್ಕದಲ್ಲೇ ನಿಂತಿದ್ದಳು. ಅವಳ ಕೈ ನಿಲ್ಲಲಿಲ್ಲ, ತಲೆ ಮುರಿಯುತ್ತಾ, ಸಿಪ್ಪೆ ಎಳೆಯುತ್ತಾ ಇತ್ತು. ಸೀರೆಯ ಕೆಳಗಿಂದ ಇಳಿದು ಗಮ್‌ಬೂಟಿನೊಳಗೆ ತುಂಬಿಕೊಂಡಿತು. ತುಂಬಿ ಹೊರಗೆ ಚೆಲ್ಲಿತು. ಐಸು ನೀರು ಹರಿದಿದ್ದ ನೆಲದ ಮೇಲೆ ಅದೊಂದೇ ಬೆಚ್ಚಗಿತ್ತು. ಸಣ್ಣಗೆ ಹಬೆ ಎದ್ದಿತು.

ಭಾಸ್ಕರ ಬಂದು ನೋಡಿ, ಪೈಪು ತರಿಸಿ ಅವಳ ಕೈಗೇ ಕೊಟ್ಟ. ಎಲ್ಲರೂ ಕೆಲಸ ನಿಲ್ಲಿಸಿ ನೋಡಬೇಕು, ಸ್ವಚ್ಛತೆ ಅಂದರೆ ಏನೆಂದು ಕಲಿಯಬೇಕು ಎಂದ. ಕಮಲಕ್ಕ ತೊಳೆದಳು. ತೊಳೆದು ಬಂದು ಅದೇ ಒದ್ದೆ ಬೂಟಿನಲ್ಲಿ ಸಂಜೆಯವರೆಗೆ ನಿಂತಳು. ಬಸ್ಸಿನಲ್ಲಿ ನನ್ನ ಪಕ್ಕ ಕೂತಿದ್ದಳು. ಕುಮಟಾದಲ್ಲಿ ಇಳಿಯುವಾಗ ಹೇಳಿದಳು, "ನನ್ನ ಸೊಸಿಗೆ ಎಲ್ಲಾದ್ರೂ ಹೇಳೂಕೆ ಹೋಗ್ಬೇಡ ತಂಗಿ."

ನಾನು ಸೊಸೆಗೆ ಹೇಳಲಿಲ್ಲ. ಕಥೆ ಬರೆದೆ.

ಕಥಾಸ್ಪರ್ಧೆಯ ಕರಪತ್ರವನ್ನು ಶ್ರೀಧರ ತೋರಿಸಿದ್ದ. ಹೊನ್ನಾವರದ ಕಾಲೇಜಿನಲ್ಲಿ ಪಾಠ ಮಾಡುವ ಅರ್ಚನಾ ಮೇಡಂ ಕಟ್ಟಿದ ಒಂದು ಸಾಹಿತ್ಯ ವೇದಿಕೆ ಅದನ್ನು ನಡೆಸುತ್ತಿತ್ತು. ವಿಷಯ, 'ನಾಳೆಯ ಕತ್ತಲು'. ಮನುಷ್ಯ ಯಂತ್ರದ ಗುಲಾಮನಾಗುವ, ದೇಹದ ಮೇಲೆ ಅಧಿಕಾರ ಕಳೆದುಕೊಳ್ಳುವ ಭವಿಷ್ಯವನ್ನು ಧೈರ್ಯವಾಗಿ ಊಹಿಸಿ ಬರೆಯಿರಿ ಎಂದಿತ್ತು. ಊಹಿಸುವ ಕಷ್ಟ ನನಗಿರಲಿಲ್ಲ. ಬರೆಯುವ ಮೊದಲು ಕಮಲಕ್ಕನನ್ನು ಕೇಳಿದೆ. ಅವಳು ಎರಡು ದಿನ ಯೋಚಿಸಿ, ಬರೆ, ಆದರೆ ಹೆಸರು ಹಾಕಬೇಡ ಎಂದಳು. ನಾನು ಮೂವತ್ತೊಂದು ಎಂದು ಹಾಕಿದೆ. ಶೆಡ್ಡು, ಕಾರ್ಡು, ಟಿವಿ, ಪೈಪು, ಹಬೆ ಎಲ್ಲ ಇದ್ದ ಹಾಗೇ ಬರೆದೆ. ಹನ್ನೊಂದು ಪುಟ ಆಯಿತು. 'ಏಳು ನಿಮಿಷ' ಎಂದು ಹೆಸರಿಟ್ಟು ಕಳಿಸಿದೆ.

ಒಂದೂವರೆ ತಿಂಗಳಾದ ಮೇಲೆ ಅರ್ಚನಾ ಮೇಡಂ ಫೋನು ಮಾಡಿದರು. ಒಳ್ಳೆಯ ಹೆಂಗಸು, ದನಿಯಲ್ಲಿ ಕಪಟ ಇರಲಿಲ್ಲ. ನನಗೆ ಮೊದಲ ಬಹುಮಾನ ಬಂದಿದೆ, ತೀರ್ಪುಗಾರರು ಬೆರಗಾಗಿದ್ದಾರೆ ಎಂದರು. ಮನುಷ್ಯರನ್ನು ನಂಬರಿಗೆ ಇಳಿಸಿದ ನನ್ನ ತಂತ್ರ ಅವರಿಗೆ ಬಹಳ ಹಿಡಿಸಿತಂತೆ. ಅದು ತಂತ್ರವಲ್ಲ, ಹಾಜರಿ ಪುಸ್ತಕ ಎಂದೆ. ಮೇಡಂ ನಕ್ಕರು. ತೀರ್ಪುಗಾರರು ದೊಡ್ಡ ಪ್ರೊಫೆಸರರು, ಸ್ವತಃ ಆರು ವೈಜ್ಞಾನಿಕ ಕಾದಂಬರಿ ಬರೆದವರು, ಅಚ್ಚಿಗೆ ಹೋಗುವ ಮೊದಲು ಸಣ್ಣಪುಟ್ಟ ಸಲಹೆ ಕೊಟ್ಟಿದ್ದಾರೆ ಎಂದು ಹೇಳಿ ಫೋನನ್ನು ಅವರಿಗೇ ಕೊಟ್ಟರು.

ಸಲಹೆಗಳು ಹೀಗಿದ್ದವು. ಕಥೆ ಯಾವ ಇಸವಿಯಲ್ಲಿ ನಡೆಯುತ್ತದೆ ಎಂದು ಹೇಳಿಲ್ಲ, ಎರಡು ಸಾವಿರದ ತೊಂಬತ್ತೈದು ಎಂದು ಹಾಕೋಣ. ಸಿಗಡಿ ಬೇಡ, ಭವಿಷ್ಯದಲ್ಲಿ ಸಮುದ್ರ ಬತ್ತಿರುತ್ತದೆ, ಬೇರೆ ಗ್ರಹದ ಖನಿಜ ಎನ್ನೋಣ. ಹೆಂಗಸರ ಬದಲು ಯಂತ್ರಮಾನವಿಯರು. ಎಂಟು ತಾಸು ನೀರು ಕುಡಿಯದೆ ನಿಲ್ಲುವ ಭಾಗ ಉತ್ಪ್ರೇಕ್ಷೆ. ಎಂಥ ದಬ್ಬಾಳಿಕೆಯ ವ್ಯವಸ್ಥೆಗೂ ಒಂದು ತರ್ಕ ಇರುತ್ತದೆ, ಕೆಲಸದವರ ಆರೋಗ್ಯ ಕೆಡಿಸಿ ಯಾರಿಗೆ ಲಾಭ, ಓದುಗ ನಂಬುವುದಿಲ್ಲ. ಇನ್ನು ಕೊನೆಯ ಘಟನೆ. ಪ್ರೊಫೆಸರರು ಸ್ವಲ್ಪ ತಡವರಿಸಿದರು. ಮೂತ್ರ ಎಂಬುದು ಓದುಗನಿಗೆ ಹೇಸಿಗೆ ಹುಟ್ಟಿಸುತ್ತದೆ. ಅದರ ಬದಲು ಯಂತ್ರಮಾನವಿಯ ಕಾಲಿನಿಂದ ನೀಲಿ ಇಂಧನ ಸೋರಿತು ಎನ್ನೋಣ. ನೀಲಿ, ಹೊಳೆಯುವ ನೀಲಿ. ಅದರಲ್ಲಿ ಒಂದು ಕಾವ್ಯ ಇದೆ.

ನಾನು ಬೇಡ ಎಂದೆ. ಯೋಚಿಸಿ ನೋಡಿ ಎಂದರು. ಯೋಚಿಸಿಯೂ ಬೇಡ ಎಂದೆ. ಅವರು ಆಗಲಿ ಎಂದು ಫೋನಿಟ್ಟರು. ಮಾತು ಮುಗಿಯಿತು ಎಂದು ತಿಳಿದುಕೊಂಡೆ. ದೊಡ್ಡವರು ಆಗಲಿ ಎಂದರೆ ಏನರ್ಥ ಎಂದು ಆಗ ನನಗೆ ಗೊತ್ತಿರಲಿಲ್ಲ.

ಕಾರ್ಯಕ್ರಮ ಭಾನುವಾರ, ಓಂ ಬೀಚಿನ ಹತ್ತಿರದ ಒಂದು ರೆಸಾರ್ಟಿನಲ್ಲಿ. ನಾನು ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು, ನಿಂಬೆಹಣ್ಣಿನಿಂದ ಕೈ ತಿಕ್ಕಿಕೊಂಡು ಹೋದೆ. ಬಾಗಿಲಲ್ಲಿ ಬ್ಯಾನರು ಕಟ್ಟಿತ್ತು. ಮೇಲೆ 'ನಾಳೆಯ ಕತ್ತಲು', ಕೆಳಗೆ ಪ್ರಾಯೋಜಕರ ಫೋಟೊ. ನಮ್ಮ ಸಾವಕಾರರು. ನಗುತ್ತಿದ್ದರು. ರೆಸಾರ್ಟು ಅವರ ಭಾವನದು ಎಂದು ಆಮೇಲೆ ಗೊತ್ತಾಯಿತು. ನಾನು ಯಾರ ದುಡಿಮೆಯ ಕಥೆ ಬರೆದಿದ್ದೆನೋ, ಆ ದುಡಿಮೆಯ ಒಡೆಯನ ಕೈಯಿಂದಲೇ ನನಗೆ ಶಾಲು ಹೊದಿಸುವ ಏರ್ಪಾಡು. ಯಾರೂ ಬೇಕೆಂದು ಮಾಡಿದ್ದಲ್ಲ. ಗೊತ್ತಿದ್ದೇ ಮಾಡಿದ್ದರೆ ಒಂದು ನಮೂನೆ ಮರ್ಯಾದೆ ಇರುತ್ತಿತ್ತು.

ಒಳಗೆ ಹೋದರೆ ಹಿಂದಿನ ಎರಡು ಸಾಲಿನಲ್ಲಿ ನಮ್ಮ ಶೆಡ್ಡಿನ ಹೆಂಗಸರು ಕೂತಿದ್ದರು. ಇಪ್ಪತ್ತೆರಡು ಜನ. ಕೆಲಸದ ದಿನದ ನೀಲಿ ಕೋಟು ಹಾಕಿಕೊಂಡೇ ಬಂದಿದ್ದರು. ಕಮಲಕ್ಕನೂ ಇದ್ದಳು. ಕುರ್ಚಿ ಖಾಲಿ ಕಂಡರೆ ಸಾವಕಾರರಿಗೆ ಅವಮಾನವಾಗುತ್ತದೆ ಎಂದು ಭಾಸ್ಕರ ಬೆಳಿಗ್ಗೆ ಎಂಟು ಗಂಟೆಗೇ ವ್ಯಾನಿನಲ್ಲಿ ತುಂಬಿಸಿಕೊಂಡು ಬಂದಿದ್ದ. ಅವನು ಸ್ಮರಣ ಸಂಚಿಕೆಯಲ್ಲಿ ನನ್ನ ಕಥೆ ಓದಿದ್ದನಂತೆ. ನನ್ನ ಹತ್ತಿರ ಬಂದು ರೋಬೋಟಿನ ಕಥೆ ಮಸ್ತ್ ಬರೆದಿದ್ದೀ ಎಂದ. ಭಾಷಣದಲ್ಲಿ ಕಂಪನಿಗೆ ಒಂದು ಥ್ಯಾಂಕ್ಸ್ ಹೇಳಲು ಮರೆಯಬೇಡ ಎಂದೂ ಹೇಳಿದ.

ಸಂಚಿಕೆ ತೆಗೆದು ನೋಡಿದೆ. ಎರಡು ಸಾವಿರದ ತೊಂಬತ್ತೈದು. ಖನಿಜ. ಯಂತ್ರಮಾನವಿಯರು. ಹೊಳೆಯುವ ನೀಲಿ. ಕೆಳಗೆ ನನ್ನ ಹೆಸರು. ಬಾಗಿಲಿನ ಹತ್ತಿರ ಅರ್ಚನಾ ಮೇಡಂ ಅವರನ್ನು ಹಿಡಿದು ಕೇಳಿದೆ. ನೀವು ಒಪ್ಪಿದಿರಿ ಎಂದು ಪ್ರೊಫೆಸರರು ಹೇಳಿದ್ದರಲ್ಲ ಎಂದು ಅವರು ಗಾಬರಿಯಾದರು. ಈಗ ಹೇಗೂ ಅಚ್ಚಾಗಿಹೋಗಿದೆ, ಮುಂದಿನ ಆವೃತ್ತಿಯಲ್ಲಿ ಸರಿಮಾಡೋಣ ಎಂದು ಕೈ ಹಿಡಿದುಕೊಂಡರು. ಆ ಕೈ ಮೆತ್ತಗಿತ್ತು. ನನ್ನ ಕೈ ತಾಗಿ ಒಮ್ಮೆ ಬೆಚ್ಚಿ ನೋಡಿದರು. ನಮ್ಮ ಬೆರಳ ತುದಿಯಲ್ಲಿ ಚರ್ಮ ನಿಲ್ಲುವುದಿಲ್ಲ.

ಹತ್ತಕ್ಕೆ ಶುರುವಾಗಬೇಕಾದದ್ದು ಹನ್ನೊಂದೂವರೆಗೆ ಶುರುವಾಯಿತು. ಅದಕ್ಕೂ ಮೊದಲು ನಮ್ಮ ಹೆಂಗಸರಲ್ಲಿ ನಾಲ್ವರು ಪಾಯಿಖಾನೆ ಹುಡುಕಿಕೊಂಡು ಹೋಗಿದ್ದರು. ಸಭೆಯ ಹಾಲಿನ ಪಕ್ಕದಲ್ಲೇ ಗಾಜಿನ ಬಾಗಿಲು, ಒಳಗೆ ಹೂದಾನಿ. ಇದು ಗೆಸ್ಟುಗಳಿಗೆ ಮಾತ್ರ, ನೀವು ಹಿಂದೆ ಗಾಳಿಮರದ ಕಡೆ ಹೋಗಿ ಎಂದು ಕಾವಲಿನವನು ಹೇಳಿದ. ಗಾಳಿಮರದ ಬುಡದಲ್ಲಿ ಪ್ರವಾಸಿಗರು ಬಟ್ಟೆ ಹಾಸಿಕೊಂಡು ಬಿಸಿಲಿಗೆ ಮೈ ಕಾಯಿಸುತ್ತಿದ್ದರು. ನಾಲ್ವರೂ ಹೋದ ಹಾಗೇ ವಾಪಸು ಬಂದು ಕುರ್ಚಿಯಲ್ಲಿ ಕೂತರು. ಅಭ್ಯಾಸ ಇತ್ತಲ್ಲ.

ಪ್ರೊಫೆಸರರು ಮುಕ್ಕಾಲು ತಾಸು ಮಾತಾಡಿದರು. ದಬ್ಬಾಳಿಕೆಯ ಸಾಹಿತ್ಯ ನಮ್ಮನ್ನು ಎಚ್ಚರಿಸುತ್ತದೆ ಎಂದರು. ಅಧಿಕಾರ ಮೊದಲು ಕಸಿದುಕೊಳ್ಳುವುದು ದೇಹವನ್ನು ಎಂದರು. ಎಲ್ಲ ಸರಿಯಾದ ಮಾತೇ. ನಾನು ಹಿಂದಿನ ಸಾಲಿನ ಕಡೆ ನೋಡುತ್ತಿದ್ದೆ. ಕಮಲಕ್ಕ ಕಾಲ ಮೇಲೆ ಕಾಲು ಬಿಗಿದು, ಸೆರಗಿನ ತುದಿ ಹಲ್ಲಿನಲ್ಲಿ ಕಚ್ಚಿಕೊಂಡಿದ್ದಳು. ಪ್ರೊಫೆಸರರು ನನ್ನ ಕಥೆಯನ್ನು ಹೊಗಳಿದರು. ಮೂವತ್ತೊಂದನೇ ನಂಬರಿನ ಯಂತ್ರಮಾನವಿಯ ಕಾಲಿನಿಂದ ನೀಲಿ ಬೆಳಕು ಸೋರುವ ದೃಶ್ಯವನ್ನು ಕಣ್ಣು ಮುಚ್ಚಿಕೊಂಡು ಬಣ್ಣಿಸಿದರು. ಕನ್ನಡದಲ್ಲಿ ಇಂಥ ಪ್ರತಿಮೆ ಬಂದಿಲ್ಲ ಎಂದರು. ಅವರೇ ತಂದದ್ದು, ಅವರೇ ಹೊಗಳಿದ್ದು. ಮುಂದಿನ ಸಾಲಿನವರು ತಲೆದೂಗಿದರು. ಹಿಂದಿನ ಸಾಲಿನಲ್ಲಿ ಮೂವತ್ತೊಂದು ಎಂದ ಕೂಡಲೇ ಇಪ್ಪತ್ತೊಂದು ತಲೆಗಳು ಕಮಲಕ್ಕನ ಕಡೆ ತಿರುಗಿದವು.

ಸಾವಕಾರರು ಶಾಲು ಹೊದಿಸಿದರು. ಹೊದಿಸುವಾಗ, ಎಂತ ಕೆಲಸ ಮಾಡ್ಕಂಡಿದ್ದೀ ಎಂದು ಕೇಳಿದರು. ಶೆಟ್ಲಿ ಸುಲಿಯುತ್ತೇನೆ ಎಂದೆ. ಯಾರ ಹತ್ತಿರ ಎಂದರು. ನಿಮ್ಮ ಹತ್ತಿರವೇ ಎಂದೆ. ಅವರ ಮುಖ ಅರಳಿತು. ಮೈಕು ತೆಗೆದುಕೊಂಡು, ನಮ್ಮ ಕಂಪನಿಯಲ್ಲಿ ಕೂಲಿಯವರೂ ಸಾಹಿತಿಗಳು, ನಾವು ಕೊಡುವ ವಾತಾವರಣ ಹಾಗಿದೆ ಎಂದು ಸಭೆಗೆ ಹೇಳಿದರು. ಚಪ್ಪಾಳೆ ಬಿತ್ತು. ಕಥೆಯ ಒಂದು ಪ್ಯಾರಾ ಓದು ಎಂದು ಮೈಕನ್ನು ನನಗೆ ಕೊಟ್ಟರು.

ನಾನು ಸಂಚಿಕೆಯನ್ನು ಮುಚ್ಚಿ ಮೇಜಿನ ಮೇಲಿಟ್ಟೆ. ಇದರಲ್ಲಿ ಇರುವುದು ನಾನು ಬರೆದದ್ದಲ್ಲ ಎಂದೆ. ನಾನು ಬರೆದದ್ದು ಈ ವರ್ಷದ ಮಾರ್ಚ್ ತಿಂಗಳು, ಈ ಸಾವಕಾರರ ಶೆಡ್ಡು, ಈ ಭಾಸ್ಕರ. ಅರವತ್ತು ಹೆಂಗಸರು, ಎರಡು ಕಾರ್ಡು, ಏಳು ನಿಮಿಷ. ಯಂತ್ರಮಾನವಿ ಯಾರೂ ಇರಲಿಲ್ಲ. ಎಂಟು ತಾಸು ನೀರು ಕುಡಿಯದೆ ನಿಲ್ಲುವುದು ಉತ್ಪ್ರೇಕ್ಷೆ ಎಂದು ಪ್ರೊಫೆಸರರು ಹೇಳಿದ್ದಾರೆ, ಅದನ್ನು ನಮ್ಮ ಮೂತ್ರಪಿಂಡಕ್ಕೂ ಸ್ವಲ್ಪ ಹೇಳಿ ಎಂದೆ. ಒಂದು ಮಾತೂ ನುಂಗಲಿಲ್ಲ.

ಮಾತು ಮುಗಿಯುವ ಮೊದಲೇ ಸಭೆ ಚಪ್ಪಾಳೆ ತಟ್ಟಿತು. ಜೋರಾಗಿ, ಎದ್ದು ನಿಂತು ತಟ್ಟಿತು. ಯಾರೋ ಕಣ್ಣು ಒರೆಸಿಕೊಂಡರು. ಯಾರೋ ಫೋನಿನಲ್ಲಿ ವೀಡಿಯೊ ತೆಗೆದರು. ಪ್ರೊಫೆಸರರು ತಮ್ಮ ಮೈಕಿಗೆ ಬಾಗಿ, ಕಥೆ ಎಲ್ಲಿ ಮುಗಿದು ಬದುಕು ಎಲ್ಲಿ ಶುರುವಾಯಿತು ಎಂದು ತಿಳಿಯದ ಹಾಗೆ ಮಾಡಿದ್ದಾರೆ, ಇದು ಕಲೆ ಎಂದರು. ಸಾವಕಾರರೂ ತಟ್ಟುತ್ತಿದ್ದರು. ಅವರ ಮುಖದಲ್ಲಿ ನಗು ಹಾಗೇ ಇತ್ತು, ಬ್ಯಾನರಿನಲ್ಲಿ ಇದ್ದಷ್ಟೇ. ಎದುರಿಗೆ ನಿಂತು ಬೈದರೂ ಅದಕ್ಕೊಂದು ಶಾಲು ಹೊದಿಸುವ ಜನ ಇವರು. ಇವರ ಚಪ್ಪಾಳೆಯ ಒಳಗೆ ನನ್ನ ಮಾತು ಮುಳುಗಿಹೋಯಿತು. ಆ ಗಳಿಗೆಯ ಸಿಟ್ಟು ನನಗೆ ಶೆಡ್ಡಿನಲ್ಲೂ ಬಂದದ್ದಿಲ್ಲ.

ಚಪ್ಪಾಳೆ ನಿಲ್ಲುವವರೆಗೆ ಕಾದೆ. ಆಮೇಲೆ ಮೈಕಿನಲ್ಲಿ ಮುಂದಿನ ಸಾಲಿನವರನ್ನು ಬಿಟ್ಟು ಹಿಂದಿನವರ ಹತ್ತಿರ ಮಾತಾಡಿದೆ.

"ನಮ್ಮ ಶೆಡ್ಡಿನೋರು ಬೆಳಿಗ್ಗೆ ಎಂಟು ಗಂಟೆಯಿಂದ ಹಿಡ್ಕಂಡು ಕೂತ್ಕಂಡಿದ್ದೀರಿ. ಪಾಯಿಖಾನೆ ಇಲ್ಲೇ ಪಕ್ಕದಲ್ಲುಂಟು. ಗಾಜಿನ ಬಾಗ್ಲು. ಯಾರ್ಯಾರಿಗೆ ಹೋಗೂದುಂಟು, ಏಳಿ."

ಯಾರೂ ಏಳಲಿಲ್ಲ. ಭಾಸ್ಕರ ಗೋಡೆಯ ಬದಿಯಿಂದ ಎರಡು ಹೆಜ್ಜೆ ಮುಂದೆ ಬಂದು ಅವರ ಕಡೆ ನೋಡುತ್ತಾ ನಿಂತ. ಎಲ್ಲ ಮುಗಿಯಿತು ಎಂದುಕೊಂಡೆ.

ಕಮಲಕ್ಕ ಎದ್ದಳು. ಮುಂದಿನ ಕುರ್ಚಿಯ ಬೆನ್ನು ಹಿಡಿದುಕೊಂಡು ನಿಧಾನ ಎದ್ದಳು. ಅವಳು ಮೈಕು ಇಲ್ಲದೆ, ಪ್ರೊಫೆಸರರ ಕಡೆ ನೋಡಿ ಹೇಳಿದಳು.

"ಆ ಮೂವತ್ತೊಂದು ಅಂದ್ರೆ ನಾನೇ. ಸೋರಿದ್ದು ನೀಲಿ ಅಲ್ಲ ಮಾಸ್ತರೇ. ಉಚ್ಚೆ."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಅವಳು ಸಾಲಿನಿಂದ ಹೊರಗೆ ಬಂದು ಬಾಗಿಲ ಕಡೆ ನಡೆದಳು. ಅವಳ ಹಿಂದೆ ಪಕ್ಕದ ಕುರ್ಚಿಯ ಗಂಗಿ ಎದ್ದಳು. ಆಮೇಲೆ ಮೂವರು ಒಟ್ಟಿಗೆ. ಆಮೇಲೆ ಎರಡೂ ಸಾಲು. ಕುರ್ಚಿಗಳು ನೆಲಕ್ಕೆ ಕರಕರ ಉಜ್ಜಿದವು. ಭಾಸ್ಕರ ಬಾಗಿಲಿಗೆ ಅಡ್ಡ ನಿಂತು, ಒಬ್ಬೊಬ್ಬರಾಗಿ, ಒಬ್ಬೊಬ್ಬರಾಗಿ ಎಂದ. ಬಾಯಿಗೆ ಬಂದದ್ದು ಅದೊಂದೇ ಮಾತು ಇರಬೇಕು. ಅವರು ಅವನ ಎರಡೂ ಬದಿಯಿಂದ ಹಾದುಹೋದರು. ಕಾವಲಿನವನು ಗಾಜಿನ ಬಾಗಿಲ ಎದುರು ಕೈ ಚಾಚಿದ. ಕಮಲಕ್ಕ ಆ ಕೈಯನ್ನು ಶೆಟ್ಲಿ ಸಿಪ್ಪೆ ಸರಿಸಿದ ಹಾಗೆ ಸರಿಸಿ ಒಳಗೆ ಹೋದಳು.

ಮೂರು ಕೋಣೆಗಳಿದ್ದವು. ಇಪ್ಪತ್ತೆರಡು ಜನ ಸಾಲು ನಿಂತರು. ಯಾರೂ ಅವಸರ ಮಾಡಲಿಲ್ಲ. ಒಳಗೆ ಹೋದವರು ಕಾಲು ತೊಳೆದರು, ಮುಖ ತೊಳೆದರು, ಹೂದಾನಿಯ ಪಕ್ಕದ ಬಿಳಿ ಬಟ್ಟೆಯಲ್ಲಿ ಒರೆಸಿಕೊಂಡರು. ಹೊರಗೆ ಬಂದು ಅಲ್ಲಿಟ್ಟಿದ್ದ ಗೆಸ್ಟುಗಳ ನೀರನ್ನು ಲೋಟ ಲೋಟ ಕುಡಿದರು. ಕುಡಿದವರು ಮತ್ತೆ ಸಾಲಿನ ಕೊನೆಗೆ ಹೋಗಿ ನಿಂತರು. ನಲವತ್ತು ನಿಮಿಷ ಆಯಿತು. ಫ್ಲಶ್ಶಿನ ಸದ್ದು ಹಾಲಿನವರೆಗೆ ಕೇಳುತ್ತಿತ್ತು. ಸಾವಕಾರರು ಭಾಷಣದ ಹಾಳೆ ಹಿಡಿದು ವೇದಿಕೆಯಲ್ಲಿ ನಿಂತೇ ಇದ್ದರು. ಪ್ರತಿ ಸಲ ಬಾಯಿ ತೆರೆದಾಗಲೂ ಒಂದು ಫ್ಲಶ್ಶು. ಎಂದಿಗೂ ಇಲ್ಲದ ಹಾಗೆ ಅವರ ಮುಖದ ನಗು ಇಳಿಯಿತು. ಅರ್ಚನಾ ಮೇಡಂ ಮೊದಲು ಕುರ್ಚಿಯಲ್ಲಿ ತಲೆ ತಗ್ಗಿಸಿ ಕೂತಿದ್ದರು. ಆಮೇಲೆ ಎದ್ದು ಹೋಗಿ, ಖಾಲಿಯಾಗಿದ್ದ ನೀರಿನ ಜಗ್ಗನ್ನು ತಾವೇ ತುಂಬಿಸಿ ತಂದರು. ಅಷ್ಟನ್ನು ಹೇಳಲೇಬೇಕು. ಪ್ರೊಫೆಸರರು ಊಟಕ್ಕೆ ನಿಲ್ಲಲಿಲ್ಲ. ಒಳ್ಳೆಯ ಸಾಹಿತ್ಯ ಕಾರ್ಯಕ್ರಮ ರಾಜಕೀಯವಾಗಿಬಿಟ್ಟಿತು ಎಂದು ಬೇಸರ ಮಾಡಿಕೊಂಡು ಕಾರು ಹತ್ತಿದರಂತೆ.

ಶಾಲನ್ನು ಮೇಜಿನ ಮೇಲೆ ಬಿಟ್ಟು ಬಂದೆ. ಪ್ರಶಸ್ತಿಪತ್ರ ಮಾತ್ರ ತಂದೆ. ನಾಳೆ ಯಾರಾದರೂ ಇದು ಸುಳ್ಳು ಎಂದರೆ ತೋರಿಸಬೇಕಲ್ಲ.

ಸೋಮವಾರ ಶೆಡ್ಡಿನ ಗೇಟಿನಲ್ಲಿ ಹಾಜರಿಗೆ ಮುಖ ತೋರಿಸುವ ಯಂತ್ರದ ಮುಂದೆ ನಿಂತೆ. ದಿನವೂ ಧನ್ಯವಾದ ಎನ್ನುತ್ತಿದ್ದ ಯಂತ್ರ ಅಂದು, ಈ ವ್ಯಕ್ತಿ ನೋಂದಣಿಯಲ್ಲಿ ಇಲ್ಲ ಎಂದಿತು. ಅದೇ ಹುಡುಗಿಯ ದನಿ, ಅದೇ ನಯ. ಕಮಲಕ್ಕನಿಗೂ ಹಾಗೇ ಎಂದಿತು. ಅವಳು ಯಂತ್ರಕ್ಕೆ ಇನ್ನಷ್ಟು ಹತ್ತಿರ ಹೋಗಿ, ಸರಿಯಾಗಿ ನೋಡು ಎಂದಳು. ಅದು ಮತ್ತೆ ಇಲ್ಲ ಎಂದಿತು. ನಮ್ಮ ಹಿಂದೆ ಗಂಗಿ ಇದ್ದಳು. ಗಂಗಿ ಮುಖ ತೋರಿಸಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು ಗೇಟಿನ ಪಕ್ಕದ ಕಟ್ಟೆಯಲ್ಲಿ ಕೂತಳು. ಹಿಂದಿನವರೆಲ್ಲ ಕೂತರು. ಭಾನುವಾರ ಬಂದವರು, ಬಾರದವರು ಎಂದಿಲ್ಲ, ಅರವತ್ತೂ ಜನ.

ಒಳಗೆ ಮೂರು ಲಾರಿ ಶೆಟ್ಲಿ ಬಂದಿತ್ತು. ಹನ್ನೊಂದು ಗಂಟೆಗೆ ಐಸು ಕರಗತೊಡಗಿತು. ಮಧ್ಯಾಹ್ನಕ್ಕೆ ವಾಸನೆ ಹೆದ್ದಾರಿಗೆ ಬಂತು. ಭಾಸ್ಕರ ಹತ್ತು ಸಲ ಹೊರಗೆ ಬಂದ. ಮೊದಲು ಬೈದ, ಆಮೇಲೆ ಕೇಳಿಕೊಂಡ, ಆಮೇಲೆ ತಾನೇ ಒಳಗೆ ಹೋಗಿ ಒಂದಿಷ್ಟು ಸುಲಿದನಂತೆ. ಹೊರಗೆ ಬಂದಾಗ ಬೆರಳಿಗೆ ಮುಳ್ಳು ಚುಚ್ಚಿ ರಕ್ತ ಬರುತ್ತಿತ್ತು. ಯಾರೂ ನಗಲಿಲ್ಲ. ಅದು ಎಷ್ಟು ಉರಿಯುತ್ತದೆ ಎಂದು ನಮಗೆ ಗೊತ್ತು.

ಮೂರು ಲಾರಿಯ ಶೆಟ್ಲಿಯನ್ನೂ ಸಿಪ್ಪೆಯ ಗುಡ್ಡೆಗೆ ಸುರಿದರು. ಮರುದಿನವೂ ಕೂತೆವು. ಬುಧವಾರ ಸಾವಕಾರರ ಮಾತು ಬಂತು. ಕೆಂಪು ಕಾರ್ಡು ಇರುವುದಿಲ್ಲ. ಆ ಬಾಗಿಲಿಗೆ ಯಂತ್ರ ಇರುವುದಿಲ್ಲ. ಟಿವಿಯಲ್ಲಿ ನಂಬರು ಬರುವುದಿಲ್ಲ. ಕಮಲಿ ಒಳಗೆ ಬರಬಹುದು. ಮಂಗಲಾ ಬೇಡ.

ನನ್ನನ್ನು ಬಿಟ್ಟು ಹೋಗುವುದಿಲ್ಲ ಎಂದು ಅವರು ಗುರುವಾರವೂ ಕೂತರು. ಆ ದಿನ ಹಲವರ ಬುತ್ತಿಯಲ್ಲಿ ಗಂಜಿ ಮಾತ್ರ ಇತ್ತು. ಶುಕ್ರವಾರ ನಾನೇ ಹೋಗಿ ಎಂದೆ. ಇದನ್ನು ತ್ಯಾಗ ಎಂದು ಯಾರಾದರೂ ಬರೆದರೆ ನನಗೆ ಸಿಟ್ಟು ಬರುತ್ತದೆ. ಹೋಗಿ ಎಂದು ಹೇಳಿದ್ದು ನಾನೇ. ಆದರೆ ಅವರು ಅಷ್ಟು ಬೇಗ ಎದ್ದುಬಿಟ್ಟರಲ್ಲ ಎಂದು ಈಗಲೂ ಒಂದೊಂದು ದಿನ ಉರಿಯುತ್ತದೆ. ಗೇಟು ಮುಚ್ಚಿದ ಮೇಲೆ ಆ ಕಟ್ಟೆಯಲ್ಲಿ ಒಬ್ಬಳೇ ಕೂತಿದ್ದೆ. ಒಂದು ತಾಸು ಕೂತಿದ್ದು ಬಸ್ಸು ಹಿಡಿದೆ.

ಈಗ ಇಳಿತದ ಹೊತ್ತಿಗೆ ತದಡಿಯ ಹೊಳೆಯಲ್ಲಿ ಬೆಳಚು, ಅಂದರೆ ಚಿಪ್ಪುಮೀನು, ಆರಿಸುತ್ತೇನೆ. ಸೊಂಟದವರೆಗೆ ನೀರು, ಕಾಲಬೆರಳಲ್ಲೇ ಕೆಸರು ಕೆದಕಿ ಚಿಪ್ಪು ಹುಡುಕಬೇಕು. ಅಂಗಾಲು ಕೊಯ್ಯುತ್ತದೆ. ಕೆಲಸ ಶೆಡ್ಡಿಗಿಂತ ಹಗುರ ಎಂದು ಹೇಳಲಾರೆ. ಲೈಬ್ರರಿಗೆ ಹೋಗುವುದು ಕಡಿಮೆಯಾಗಿದೆ.

ಅವರು ಮತ್ತೆ ಕೆಲಸಕ್ಕೆ ಹೋದ ವಾರದ ಭಾನುವಾರ ಕಮಲಕ್ಕ ದೋಣಿ ದಾಟಿ ಮನೆಗೆ ಬಂದಳು. ಚಾ ಮಾಡಿಕೊಟ್ಟೆ. ಶೆಡ್ಡಿನ ಸುದ್ದಿ ಕೇಳಿದೆ. ಕಾರ್ಡು ಇಲ್ಲದ ಮೊದಲ ದಿನ ಒಬ್ಬೊಬ್ಬರು ನಾಲ್ಕು ನಾಲ್ಕು ಸಲ ಹೋದರಂತೆ. ಭಾಸ್ಕರ ಬಾಗಿಲನ್ನೇ ನೋಡುತ್ತಾ ನಿಂತಿದ್ದನಂತೆ. ನೀನೆಷ್ಟು ಸಲ ಹೋದೆ ಎಂದು ಕೇಳಿದೆ.

ಕಮಲಕ್ಕ ಲೋಟ ಕೆಳಗಿಟ್ಟಳು.

"ಐದು ಸಲ ಹೋದೆ ಮಾರಾಯ್ತಿ. ಕಡೀಗೆ ಎರಡು ಸಲ ಎಂತದೂ ಬರ್ಲಿಲ್ಲ. ಚಿಲಕ ಹಾಕ್ಕಂಡು ಒಳಗೆ ಸುಮ್ನೆ ನಿಂತ್ಕಂಡಿದ್ದೆ. ಯಾರೂ ಕರಿಲಿಲ್ಲ."